ವಿದ್ಯಾರ್ಥಿ ವಿನಿಮಯ ಮತ್ತು ಅದರ ಪೂರ್ವಸಿದ್ಧತೆ

ದೇಶ ಸುತ್ತಬೇಕು, ಇಲ್ಲವೆ ಕೋಶ ಓದಬೇಕು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಎರಡರಲ್ಲಿ ಒಂದಾದರೂ ಕೈಗೂಡಲಿ ಎಂಬುದು ಅವರ ಆಶಯ. ಎರಡನ್ನೂ ಏಕಕಾಲಕ್ಕೆ ಸಾಧಿಸಿಕೊಳ್ಳುವ ಒಂದು ಮಾರ್ಗ ಇಂದಿನ ವಿದ್ಯಾರ್ಥಿಗಳಿಗೆ ತೆರೆದಿದೆ. ಅದಕ್ಕೆ ವಿದ್ಯಾರ್ಥಿ ವಿನಿಮಯವೆಂದು ಹೆಸರು. ಕಾಲೇಜಿನಲ್ಲಿ ಓದುತ್ತಿರುವ ವಿದ್ಯಾರ್ಥಿಯು ತನ್ನ ಕಾಲೇಜನ್ನು ಬಿಡದೆ, ಒಂದು ಸೆಮಿಸ್ಟರಿನ ಮಟ್ಟಿಗೆ, ಅಂದರೆ ನಾಲ್ಕರಿಂದ ಆರು ತಿಂಗಳವರೆಗೆ, ಪರದೇಶದ ಒಂದು ವಿದ್ಯಾಪೀಠದಲ್ಲಿ ಓದಿ, ಅಲ್ಲಿ ಗಳಿಸಿದ ಅಂಕಗಳೊಡನೆ ಹಿಂದಿರುಗುವುದೇ ಈ ವ್ಯವಸ್ಥೆಯ ಸಾರ.

ಇಂಥ ಸಂಗತಿ ಕನ್ನಡ ಮಾಧ್ಯಮದ ಮಕ್ಕಳಿಗೆ ಸಂಬಂಧಿಸಿದ್ದಲ್ಲವೆಂಬ ಭಾವನೆ ನಮ್ಮಲ್ಲಿ ಹಲವರಿಗುಂಟು. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಕಲಿತ ತಲೆಮಾರಿನ ಮಕ್ಕಳು ಮೊಮ್ಮಕ್ಕಳು ನಾವು. ಪರದೇಶದ ಮಾತು ನಮಗೇಕೆ ಎಂದು ಕೇಳುವವರಿದ್ದಾರೆ. ಆದರೆ ಮುಂಬಯಿಯಲ್ಲಿ ಈ ಬಾಗಿಲು ನಮ್ಮ ಮನೆಯ ಹತ್ತಿರವೇ ಇದೆ. ಮೀಠೀ ನದಿಯ ದಡದ ಜೌಗುನೆಲವನ್ನು ತುಂಬಿಸಿ ಕಟ್ಟಿದ ಬಾಂದ್ರಾ-ಕುರ್ಲಾ ಸಂಕುಲದಲ್ಲಿ 2011ರಿಂದ ಅಮೇರಿಕದ ಕಾನ್ಸುಲೇಟ್ ಕಚೇರಿಯಿದೆ. ಬ್ರಿಟನ್ನಿನ ಉಪ ಹೈಕಮಿಷನ್ ಕಚೇರಿಯೂ ಅಲ್ಲಿಯೇ ಇದೆ. 2017ರಲ್ಲಿ ಅಲ್ಲಿ ತೆರೆದ ವಿದೇಶ ಭವನದಲ್ಲಿ ಪ್ರಾದೇಶಿಕ ಪಾಸ್‌ಪೋರ್ಟ್ ಕಚೇರಿ ನೆಲೆಗೊಂಡಿದೆ. ಅಲ್ಲಿಂದ ಸ್ವಲ್ಪ ದೂರದ ಕಲೀನಾದಲ್ಲಿ ಮುಂಬಯಿ ವಿದ್ಯಾಪೀಠದ ವಿದ್ಯಾನಗರಿ. ಅಲ್ಲಿ ಕನ್ನಡ ವಿಭಾಗವೂ ಉಂಟು. ಬಾಂದ್ರಾ ಪೂರ್ವದ ಕಾಲನಿಯ ಮಕ್ಕಳು ದಿನವೂ ನೋಡುವ ಈ ಕಟ್ಟಡಗಳ ಮುಂದೆ ಫೈಲು ಹಿಡಿದು ಸಾಲಿನಲ್ಲಿ ನಿಲ್ಲುವವರಲ್ಲಿ ನಮ್ಮ ಶಾಲೆಯ ಮಕ್ಕಳು ಏಕಿರಬಾರದು? ಅದಕ್ಕೆ ಬೇಕಾದ ಸಿದ್ಧತೆ ಏನೆಂಬುದನ್ನು ಇಲ್ಲಿ ಕ್ರಮವಾಗಿ ವಿವರಿಸಲು ಯತ್ನಿಸುತ್ತೇವೆ. ಈ ಸಿದ್ಧತೆಯ ಅರ್ಧಭಾಗ ಕಾಲೇಜು ಸೇರುವುದಕ್ಕೆ ಮುಂಚೆ, ಶಾಲೆಯಲ್ಲಿರುವಾಗಲೇ ನಡೆಯಬೇಕಾದದ್ದು. ಈ ಲೇಖನವನ್ನು ಶಾಲಾ ಸಂಚಿಕೆಯಲ್ಲಿ ಬರೆಯುತ್ತಿರುವುದಕ್ಕೆ ಅದೇ ಕಾರಣ.

ಮೊದಲು ಈ ಪದ್ಧತಿಯ ಪೂರ್ವೇತಿಹಾಸವನ್ನು ಸಂಕ್ಷೇಪವಾಗಿ ತಿಳಿಯುವುದು ಒಳ್ಳೆಯದು. ಮುಂಬಯಿ ಬಂದರದಿಂದ ವಿದ್ಯಾರ್ಜನೆಗಾಗಿ ಹಡಗು ಹತ್ತಿದವರು ಹಿಂದೆಯೂ ಇದ್ದರು. ಹದಿನೆಂಟರ ತರುಣ ಮೋಹನದಾಸ ಗಾಂಧಿಯವರು 1888ರ ಸೆಪ್ಟೆಂಬರ್ 4ರಂದು ಇಲ್ಲಿಂದಲೇ ಇಂಗ್ಲೆಂಡಿಗೆ ಹೊರಟರು. ಅವರ ಜಾತಿಯವರು ಇದೇ ಊರಿನಲ್ಲಿ ಸಭೆ ಸೇರಿ ಬಹಿಷ್ಕಾರ ಹಾಕಿದರು. ಬೀಳ್ಕೊಡಲು ಬಂದರಕ್ಕೆ ಹೋದವರಿಗೆ ಒಂದು ರೂಪಾಯಿ ನಾಲ್ಕಾಣೆ ದಂಡವೆಂದು ಗೊತ್ತುಮಾಡಿದರು. ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದಿದ ಡಾ. ಅಂಬೇಡ್ಕರರು 1913ರಲ್ಲಿ ಬರೋಡೆಯ ಮಹಾರಾಜರ ವಿದ್ಯಾರ್ಥಿವೇತನದಿಂದ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ತೆರಳಿದರು. ತಿಂಗಳಿಗೆ ಹನ್ನೊಂದೂವರೆ ಪೌಂಡಿನಂತೆ ಮೂರು ವರ್ಷಗಳ ವೇತನ. ಹಿಂದಿರುಗಿದ ಮೇಲೆ ಹತ್ತು ವರ್ಷ ಸಂಸ್ಥಾನದ ಸೇವೆ ಮಾಡಬೇಕೆಂಬ ಕರಾರು. ಕನ್ನಡಿಗರಲ್ಲಿ ಸವಣೂರಿನ ವಿನಾಯಕ ಕೃಷ್ಣ ಗೋಕಾಕರು 1936ರಲ್ಲಿ ಆಕ್ಸ್‌ಫರ್ಡಿಗೆ ಹೋಗಿ, ಆ ಅನುಭವವನ್ನು ‘ಸಮುದ್ರದಾಚೆಯಿಂದ’ ಎಂಬ ಪುಸ್ತಕದಲ್ಲಿ ಬರೆದಿಟ್ಟರು. ಇವರೆಲ್ಲರೂ ವರ್ಷಗಟ್ಟಲೆ ಅಲ್ಲಿದ್ದು ಪದವಿ ಪಡೆಯಲು ಹೋದವರು.

ವಿನಿಮಯವೆಂಬ ಕಲ್ಪನೆ ಬಲಗೊಂಡದ್ದು ಎರಡನೆಯ ಮಹಾಯುದ್ಧದ ತರುವಾಯ. ಒಂದು ದೇಶದ ಯುವಕರು ಇನ್ನೊಂದು ದೇಶದ ಮನೆಗಳಲ್ಲಿ ಉಂಡು, ಅಲ್ಲಿನ ತರಗತಿಗಳಲ್ಲಿ ಕುಳಿತರೆ, ಮುಂದೆ ಯುದ್ಧಕ್ಕೆ ಮನಸ್ಸು ಬಾರದೆಂಬುದು ಆ ಕಾಲದ ಚಿಂತಕರ ನಂಬಿಕೆಯಾಗಿತ್ತು. ಅಮೇರಿಕದಲ್ಲಿ 1946ರಲ್ಲಿ ಫುಲ್‌ಬ್ರೈಟ್ ಯೋಜನೆ ಹುಟ್ಟಿತು. 1950ರಲ್ಲಿ ಭಾರತವು ಅದಕ್ಕೆ ಸಹಿ ಹಾಕಿತು. ಯುದ್ಧಭೂಮಿಯಲ್ಲಿ ಗಾಯಾಳುಗಳನ್ನು ಸಾಗಿಸುತ್ತಿದ್ದ ಸ್ವಯಂಸೇವಕರ ಎ.ಎಫ್.ಎಸ್. ಎಂಬ ಸಂಸ್ಥೆಯು 1947ರಿಂದ ಹೈಸ್ಕೂಲು ಮಕ್ಕಳ ವಿನಿಮಯವನ್ನು ಕೈಗೆತ್ತಿಕೊಂಡಿತು. ಯೂರೋಪಿನ ರಾಷ್ಟ್ರಗಳು 1987ರಲ್ಲಿ ಎರಾಸ್ಮುಸ್ ಎಂಬ ಯೋಜನೆಯನ್ನು ತಮ್ಮೊಳಗೆ ಆರಂಭಿಸಿದವು. 2015ರಿಂದ ಅದರ ಒಂದು ಭಾಗ ಭಾರತವೇ ಮೊದಲಾದ ಹೊರದೇಶಗಳ ವಿದ್ಯಾರ್ಥಿಗಳಿಗೂ ತೆರೆಯಿತು. ಅದರಲ್ಲಿ ಆಯ್ಕೆಯಾದವರಿಗೆ ಪ್ರಯಾಣದ ಭತ್ಯೆಯೂ ತಿಂಗಳ ಖರ್ಚಿನ ಭತ್ಯೆಯೂ ದೊರೆಯುತ್ತವೆ.

ವಿನಿಮಯದ ಮುಖ್ಯ ಲಕ್ಷಣವೊಂದನ್ನು ಪಾಲಕರು ಚೆನ್ನಾಗಿ ಮನಗಾಣಬೇಕು. ಎರಡು ವಿದ್ಯಾಪೀಠಗಳು ತಮ್ಮೊಳಗೆ ಕರಾರು ಮಾಡಿಕೊಂಡಿದ್ದರೆ, ನಮ್ಮ ವಿದ್ಯಾರ್ಥಿಯು ತನ್ನ ಕಾಲೇಜಿಗೆ ಎಂದಿನ ಫೀಯನ್ನು ಕಟ್ಟುತ್ತಾನೆ. ಪರದೇಶದ ವಿದ್ಯಾಪೀಠವು ಸಾಮಾನ್ಯವಾಗಿ ಅವನಿಂದ ಬೋಧನಾಶುಲ್ಕವನ್ನು ಕೇಳುವುದಿಲ್ಲ. ಅಲ್ಲಿಂದ ಬರುವ ವಿದ್ಯಾರ್ಥಿಗೂ ಇಲ್ಲಿ ಅದೇ ನಿಯಮ. ಕರಾರಿಲ್ಲದೆ ತಾನಾಗಿಯೇ ಹೋದವನು ಅಲ್ಲಿಯ ಪೂರ್ಣ ಶುಲ್ಕವನ್ನು ತೆರಬೇಕಾಗಬಹುದು. ಆದ್ದರಿಂದ ಕಾಲೇಜನ್ನು ಆರಿಸುವಾಗಲೇ ಅದಕ್ಕೆ ಯಾವ ದೇಶದ ಯಾವ ವಿದ್ಯಾಪೀಠಗಳೊಡನೆ ಇಂಥ ಕರಾರುಂಟು, ವರ್ಷಕ್ಕೆ ಎಷ್ಟು ಮಂದಿಯನ್ನು ಕಳುಹಿಸುತ್ತಾರೆ, ಯಾವ ಶ್ರೇಣಿಯವರನ್ನು ಆರಿಸುತ್ತಾರೆ ಎಂದು ವಿಚಾರಿಸುವುದು ಜಾಣತನ. ಎಲ್ಲ ಕಾಲೇಜುಗಳಲ್ಲಿ ಈ ಸೌಕರ್ಯವಿರುವುದಿಲ್ಲ.

ಇನ್ನು ಸಿದ್ಧತೆಗೆ ಬರೋಣ. ಎಲ್ಲಕ್ಕೂ ಮೊದಲನೆಯದು ಹೆಸರು. ಇದನ್ನು ಓದಿ ಕೆಲವರಿಗೆ ನಗು ಬರಬಹುದು. ಆದರೆ ಮುಂಬಯಿಯ ಕನ್ನಡ ಕುಟುಂಬಗಳಿಗೆ ಇದಕ್ಕಿಂತ ದೊಡ್ಡ ತೊಡಕು ಬೇರೊಂದಿಲ್ಲ. ಊರ ಕಡೆ ನಮ್ಮವರು ಹೆಸರಿನ ಹಿಂದೆ ಊರಿನದೋ ತಂದೆಯದೋ ಮೊದಲಕ್ಷರವನ್ನು ಇಟ್ಟುಕೊಳ್ಳುತ್ತಾರೆ. ಕರಾವಳಿಯ ಕೆಲವು ಮನೆತನಗಳಲ್ಲಿ ಕುಲನಾಮವುಂಟು. ಉತ್ತರ ಕರ್ನಾಟಕದಲ್ಲಿ ಅಡ್ಡಹೆಸರುಂಟು. ಮಹಾರಾಷ್ಟ್ರದ ಶಾಲೆಗಳ ದಾಖಲೆಯಲ್ಲಾದರೋ ಅಡ್ಡಹೆಸರು, ತನ್ನ ಹೆಸರು, ತಂದೆಯ ಹೆಸರು ಎಂಬ ಕ್ರಮ. ಸುರೇಶನೆಂಬ ಒಬ್ಬ ಬಾಲಕನಿದ್ದಾನೆಂದು ಇಟ್ಟುಕೊಳ್ಳೋಣ. ಜನನಪತ್ರದಲ್ಲಿ ಅವನು ಬರಿಯ ಸುರೇಶ. ಶಾಲೆಯ ರಜಿಸ್ಟರಿನಲ್ಲಿ ಪೂಜಾರಿ ಸುರೇಶ ಶೀನ. ಆಧಾರ್ ಚೀಟಿಯಲ್ಲಿ ಸುರೇಶ ಎಸ್.; ಬ್ಯಾಂಕಿನಲ್ಲಿ ಎಸ್. ಎಸ್. ಪೂಜಾರಿ. ಮನೆಯವರಿಗೆ ಇವನೊಬ್ಬನೇ ಮಗನು; ಕಚೇರಿಯ ದೃಷ್ಟಿಯಲ್ಲಿ ನಾಲ್ವರು. ಪಾಸ್‌ಪೋರ್ಟಿನಲ್ಲಿ ಮೊದಲಕ್ಷರಗಳು ಸಾಲವು, ಅವನ್ನು ಬಿಡಿಸಿ ಬರೆಯಬೇಕು. ತನ್ನ ಹೆಸರಿಗೊಂದು, ಅಡ್ಡಹೆಸರಿಗೊಂದು ಪ್ರತ್ಯೇಕ ಸ್ಥಳವಿರುತ್ತದೆ. ಅಲ್ಲಿ ಬಿದ್ದ ಹೆಸರೇ ವೀಸಾದಲ್ಲಿ, ವಿಮಾನದ ಟಿಕೇಟಿನಲ್ಲಿ, ಪರದೇಶದ ಅಂಕಪಟ್ಟಿಯಲ್ಲಿ ಬೀಳುತ್ತದೆ. ಆ ಅಂಕಪಟ್ಟಿಯ ಹೆಸರು ಇಲ್ಲಿಯ ಕಾಲೇಜಿನ ಹೆಸರಿಗೆ ಹೊಂದದಿದ್ದರೆ, ಕಷ್ಟಪಟ್ಟು ಓದಿದ ಅರ್ಧ ವರ್ಷದ ಅಂಕಗಳು ಕಚೇರಿಯ ಮೇಜಿನ ಮೇಲೆ ತಡೆದು ನಿಲ್ಲುತ್ತವೆ.

ಶಾಲೆಯ ಜನರಲ್ ರಜಿಸ್ಟರಿನ ತಪ್ಪನ್ನು ವಿದ್ಯಾರ್ಥಿಯು ಶಾಲೆಯಲ್ಲಿರುವಾಗ ತಿದ್ದಿಸುವುದು ಸಾಧ್ಯ. ಶಾಲೆ ಬಿಟ್ಟ ಮೇಲೆ ಬಹು ಕಷ್ಟ. ಎಸ್.ಎಸ್.ಸಿ. ಪ್ರಮಾಣಪತ್ರ ಅಚ್ಚಾದ ಮೇಲಂತೂ ತಿದ್ದುಪಡಿಗಾಗಿ ಅಲೆದಾಟ ತಪ್ಪಿದ್ದಲ್ಲ. ಆದುದರಿಂದ ಎಂಟನೆಯ, ಒಂಬತ್ತನೆಯ ತರಗತಿಯ ಮಕ್ಕಳ ಪಾಲಕರು ಒಂದು ಭಾನುವಾರ ಬಿಡುವು ಮಾಡಿಕೊಂಡು, ಮಗುವಿನ ಜನನಪತ್ರ, ಆಧಾರ್, ಶಾಲೆಯ ದಾಖಲೆ, ಬ್ಯಾಂಕ್ ಪುಸ್ತಕ ಇವನ್ನು ಒಂದೇ ಚಾಪೆಯ ಮೇಲೆ ಹರಡಿ, ಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಹೋಲಿಸಿ ನೋಡಬೇಕು. ಹುಟ್ಟಿದ ತಾರೀಖನ್ನೂ ಹಾಗೆಯೇ ನೋಡಬೇಕು. ಶಾಲೆಗೆ ಸೇರಿಸುವಾಗ ಅಂದಾಜಿನ ತಾರೀಖು ಬರೆಯಿಸುವ ಹಳೆಯ ವಾಡಿಕೆ ನಮ್ಮಲ್ಲಿತ್ತೆಂಬುದನ್ನು ಹಿರಿಯರು ಬಲ್ಲರು. 2023ರ ಅಕ್ಟೋಬರ್ 1ರ ಅನಂತರ ಹುಟ್ಟಿದ ಮಕ್ಕಳಿಗೆ ಪಾಸ್‌ಪೋರ್ಟಿಗಾಗಿ ಜನನಪತ್ರವೊಂದೇ ವಯಸ್ಸಿನ ಆಧಾರವೆಂಬ ನಿಯಮ 2025ರಲ್ಲಿ ಬಂದಿದೆ. ಮನೆಯಲ್ಲಿ ಪುಟ್ಟ ತಮ್ಮ ತಂಗಿಯರಿದ್ದರೆ ಇದೂ ನೆನಪಿರಲಿ.

ಪಾಸ್‌ಪೋರ್ಟಿಗೆ ಪ್ರಯಾಣ ನಿಶ್ಚಯವಾಗುವವರೆಗೆ ಕಾಯಬಾರದು. ಹದಿನೆಂಟು ತುಂಬಿದವರಿಗೆ ಅದು ಹತ್ತು ವರ್ಷ ನಡೆಯುತ್ತದೆ. ಹತ್ತನೆಯ ತರಗತಿಯಲ್ಲಿ ಉತ್ತೀರ್ಣರಾಗದವರ ಪಾಸ್‌ಪೋರ್ಟಿಗೆ, ಕೆಲವು ದೇಶಗಳಿಗೆ ದುಡಿಯಲು ಹೋಗುವ ಮುನ್ನ ಸರಕಾರದ ಪರವಾನಿಗೆ ಬೇಕೆಂಬ ನಿರ್ಬಂಧ ಅಂಟಿಕೊಳ್ಳುತ್ತದೆ. ಗಲ್ಫ್ ದೇಶಗಳಿಗೆ ದುಡಿಯಲು ಹೋದ ನಮ್ಮ ಕರಾವಳಿಯ ಎಷ್ಟೋ ಜನ ಇದನ್ನು ಅನುಭವಿಸಿದ್ದಾರೆ. ಹತ್ತನೆಯದನ್ನು ಪಾಸಾದವರಿಗೆ ಈ ನಿರ್ಬಂಧವಿಲ್ಲ. ಕನ್ನಡ ಮಾಧ್ಯಮದಲ್ಲಿ ಪಾಸಾದರೂ ಈ ಹಕ್ಕು ಅಷ್ಟೇ ಗಟ್ಟಿ.

ಎರಡನೆಯ ಸಿದ್ಧತೆ ಭಾಷೆಯದು. ಕನ್ನಡದಲ್ಲಿ ಓದಿದವನು ಅಲ್ಲಿ ಮೂಕನಾಗುವನೆಂಬ ಅಂಜಿಕೆಯನ್ನು ನಾವು ಒಪ್ಪುವುದಿಲ್ಲ. ನಮ್ಮ ಶಾಲೆಯ ಸಾಮಾನ್ಯ ಬಾಲಕಿಯೊಬ್ಬಳು ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಆಡಿ, ತರಗತಿಯಲ್ಲಿ ಕನ್ನಡವನ್ನು ಓದಿ, ಮಾರುಕಟ್ಟೆಯಲ್ಲಿ ಮರಾಠಿಯಲ್ಲಿ ಚೌಕಾಸಿ ಮಾಡಿ, ರೈಲಿನಲ್ಲಿ ಹಿಂದಿಯಲ್ಲಿ ಜಾಗ ಕೇಳುತ್ತಾಳೆ. ಹೊಸ ಭಾಷೆಯ ನಡುವೆ ಬಾಳುವುದು ಅವಳಿಗೆ ಹುಟ್ಟಿನಿಂದ ಬಂದ ವಿದ್ಯೆ. ಆದರೂ ಇಂಗ್ಲಿಷಿನ ಅಭ್ಯಾಸವನ್ನು ಅಸಡ್ಡೆ ಮಾಡಬಾರದು. ವಿನಿಮಯಕ್ಕೆ ಅರ್ಜಿ ಹಾಕುವಾಗ ಭಾಷಾ ಪರೀಕ್ಷೆಯ ಫಲವನ್ನೋ ಕಾಲೇಜಿನ ಪ್ರಮಾಣಪತ್ರವನ್ನೋ ಕೇಳುತ್ತಾರೆ. ಯೂರೋಪಿನಲ್ಲಿ ಭಾಷಾಜ್ಞಾನವನ್ನು ಎ1ರಿಂದ ಸಿ2ರವರೆಗಿನ ಆರು ಮೆಟ್ಟಿಲುಗಳಲ್ಲಿ ಅಳೆಯುತ್ತಾರೆ. ಸಾಮಾನ್ಯವಾಗಿ ನಾಲ್ಕನೆಯದಾದ ಬಿ2 ಮೆಟ್ಟಿಲು ಬೇಕಾಗುತ್ತದೆ. ಅದನ್ನು ಮುಟ್ಟಲು ಬಾಯಿಪಾಠ ಪ್ರಯೋಜನಕ್ಕೆ ಬಾರದು. ದಿನಕ್ಕೊಂದು ಪುಟವನ್ನು ಗಟ್ಟಿಯಾಗಿ ಓದುವುದು, ಓದಿದ್ದನ್ನು ಐದು ವಾಕ್ಯಗಳಲ್ಲಿ ಬರೆಯುವುದು, ತಿಳಿಯದ್ದನ್ನು ಎದ್ದು ನಿಂತು ಕೇಳುವುದು, ಈ ಮೂರನ್ನು ಶಾಲೆಯಿಂದಲೇ ರೂಢಿಸಿಕೊಂಡರೆ ಸಾಕು. ಮೂರನೆಯದು ಅತಿಮುಖ್ಯ. ಅಲ್ಲಿಯ ಹಲವು ತರಗತಿಗಳಲ್ಲಿ ಪ್ರಶ್ನೆ ಕೇಳುವುದಕ್ಕೂ ಚರ್ಚೆಯಲ್ಲಿ ಭಾಗವಹಿಸುವುದಕ್ಕೂ ಅಂಕಗಳಿರುತ್ತವೆ. ಮೌನವನ್ನು ವಿನಯವೆಂದು ಅಲ್ಲಿ ಎಣಿಸುವುದಿಲ್ಲ.

ಮೂರನೆಯದು ವ್ಯಾಸಂಗದ ಲೆಕ್ಕ. ವಿನಿಮಯಕ್ಕೆ ಹೋದವರಿಗೆ ಹೆಚ್ಚಿನ ನಷ್ಟವಾಗುವುದು ಇಲ್ಲಿಯೇ. ಭಾರತದಲ್ಲಿ ಸುಮಾರು ಹದಿನೈದು ಗಂಟೆಗಳ ಬೋಧನೆಗೆ ಒಂದು ಕ್ರೆಡಿಟ್ ಎಂಬ ಲೆಕ್ಕವುಂಟು. ಯೂರೋಪಿನ ಒಂದು ಕ್ರೆಡಿಟ್ ಎಂದರೆ, ವಿದ್ಯಾರ್ಥಿಯು ತಾನೇ ಓದುವ ಹೊತ್ತನ್ನೂ ಸೇರಿಸಿ, ಇಪ್ಪತ್ತೈದರಿಂದ ಮೂವತ್ತು ಗಂಟೆಗಳ ಕೆಲಸ. ಒಂದು ಸೆಮಿಸ್ಟರಿಗೆ ಅಂಥವು 30. ಎರಡೂ ಸಮವಲ್ಲ. ಅಲ್ಲಿಯ ಯಾವ ವಿಷಯ ಇಲ್ಲಿಯ ಯಾವ ವಿಷಯಕ್ಕೆ ಬದಲಾಗುತ್ತದೆ, ಎಷ್ಟು ಕ್ರೆಡಿಟ್ ಸಿಗುತ್ತದೆ ಎಂಬುದನ್ನು ಹೊರಡುವ ಮುಂಚೆ ಲಿಖಿತವಾಗಿ ಗೊತ್ತುಮಾಡಿಕೊಳ್ಳಬೇಕು. ವಿದ್ಯಾರ್ಥಿ, ಇಲ್ಲಿಯ ಕಾಲೇಜು, ಅಲ್ಲಿಯ ವಿದ್ಯಾಪೀಠ, ಈ ಮೂವರ ಸಹಿಯಿರುವ ವ್ಯಾಸಂಗದ ಕರಾರುಪತ್ರ ಎರಾಸ್ಮುಸ್ ಯೋಜನೆಯಲ್ಲಿ ಕಡ್ಡಾಯ. ಉಳಿದ ಕಡೆಯೂ ಅಂಥದೊಂದನ್ನು ಕೇಳಿ ಪಡೆಯುವುದು ಕ್ಷೇಮ. ‘ಬಂದ ಮೇಲೆ ನೋಡೋಣ’ ಎಂಬ ಬಾಯಿಮಾತನ್ನು ನಂಬಿ ಹೊರಟವನು, ಬಂದ ಮೇಲೆ ಅದೇ ಸೆಮಿಸ್ಟರನ್ನು ಮತ್ತೊಮ್ಮೆ ಓದಬೇಕಾದೀತು.

ಕಾಲದ ಹೊಂದಾಣಿಕೆಯೂ ಇದಕ್ಕೆ ಸೇರಿದ್ದು. ನಮ್ಮಲ್ಲಿ ಮಳೆಗಾಲದೊಡನೆ ವರ್ಷಾರಂಭ; ಅಮೇರಿಕದಲ್ಲಿ ಆಗಸ್ಟಿನಿಂದ ಡಿಸೆಂಬರದವರೆಗೆ ಒಂದು ಸೆಮಿಸ್ಟರು; ಜರ್ಮನಿಯಲ್ಲಿ ಚಳಿಗಾಲದ ಪಾಠಗಳು ಅಕ್ಟೋಬರದಿಂದ ಫೆಬ್ರವರಿಯವರೆಗೆ. ಅಲ್ಲಿಯ ಪರೀಕ್ಷೆ ಮುಗಿಯುವ ಹೊತ್ತಿಗೆ ಇಲ್ಲಿ ಮುಂದಿನ ಸೆಮಿಸ್ಟರಿನ ಪಾಠಗಳು ಅರ್ಧ ಕಳೆದಿರಬಹುದು. ಹಾಜರಿಯ ವಿನಾಯಿತಿಯನ್ನೂ ಪರೀಕ್ಷೆಯ ಏರ್ಪಾಡನ್ನೂ ಪ್ರಾಂಶುಪಾಲರಿಂದ ಮುಂಚಿತವಾಗಿಯೇ ಬರೆಯಿಸಿಕೊಳ್ಳಬೇಕು. ಒಂದು ಸೆಮಿಸ್ಟರಿನ ವಿನಿಮಯಕ್ಕೆ ಒಂದು ವರ್ಷ ಮೊದಲೇ ಕೆಲಸ ಆರಂಭಿಸಬೇಕೆಂದು ಹೇಳುವುದು ಇದಕ್ಕಾಗಿಯೇ.

ನಾಲ್ಕನೆಯದು ವೀಸಾ ಮತ್ತು ಹಣ. ಅಮೇರಿಕಕ್ಕೆ ವಿನಿಮಯದ ಮೇಲೆ ಹೋಗುವವರಿಗೆ ಜೆ-1 ಎಂಬ ವೀಸಾ. ಅದಕ್ಕೆ ಅಲ್ಲಿಯ ಪ್ರಾಯೋಜಕ ಸಂಸ್ಥೆಯಿಂದ ಡಿ.ಎಸ್.-2019 ಎಂಬ ಪತ್ರ ಬರಬೇಕು. ಯೂರೋಪಿನ ಷೆಂಗೆನ್ ದೇಶಗಳಲ್ಲಿ 90 ದಿನಗಳಿಗಿಂತ ಹೆಚ್ಚು ಕಾಲ ಇರುವವರಿಗೆ ಪ್ರವಾಸಿಗಳ ವೀಸಾ ಸಾಲದು. ಆಯಾ ದೇಶದ ದೀರ್ಘಾವಧಿ ವೀಸಾ ಬೇಕು. ಎಲ್ಲರೂ ಕೇಳುವ ಪ್ರಶ್ನೆಗಳು ಎರಡೇ: ಅಲ್ಲಿ ನಿನ್ನ ಖರ್ಚಿಗೆ ಹಣವಿದೆಯೇ? ಓದು ಮುಗಿದ ಮೇಲೆ ಹಿಂದಿರುಗುವೆಯೇ? ಎರಡನೆಯದಕ್ಕೆ ವಿನಿಮಯದ ವಿದ್ಯಾರ್ಥಿಯಲ್ಲಿ ಒಳ್ಳೆಯ ಉತ್ತರವಿದೆ; ಅವನ ಪದವಿ ಇಲ್ಲಿಯ ಕಾಲೇಜಿನಲ್ಲಿಯೇ ಪೂರ್ಣವಾಗಬೇಕಾಗಿದೆ. ಅದನ್ನು ನೇರವಾಗಿ, ಕಂಠಪಾಠದ ಧಾಟಿಯಿಲ್ಲದೆ ಹೇಳಿದರೆ ಸಾಕು.

ಮೊದಲನೆಯದಕ್ಕೆ ಕಾಗದದ ಆಧಾರ ಬೇಕು. ಉದಾಹರಣೆಗೆ ಜರ್ಮನಿಯು, ವಿದ್ಯಾರ್ಥಿವೇತನವಾಗಲಿ ಬೇರೆ ಆಧಾರವಾಗಲಿ ಇಲ್ಲದವರಿಗೆ, 2024ರ ಸೆಪ್ಟೆಂಬರಿನಿಂದ ತಿಂಗಳಿಗೆ 992 ಯೂರೋಗಳಂತೆ ಹಣವನ್ನು ಮುಂಗಡವಾಗಿ ಒಂದು ವಿಶೇಷ ಖಾತೆಯಲ್ಲಿ ಇಡಬೇಕೆಂದು ವಿಧಿಸಿತು. ಬೋಧನಾಶುಲ್ಕವಿಲ್ಲದಿದ್ದರೂ ಕೋಣೆಯ ಬಾಡಿಗೆ, ಊಟ, ವಿಮೆ, ವೀಸಾ, ವಿಮಾನದ ಟಿಕೇಟು ಇವುಗಳ ಭಾರ ಮಧ್ಯಮ ವರ್ಗದ ಮನೆಗೆ ಹಗುರವಾದದ್ದಲ್ಲ. ಈ ಸತ್ಯವನ್ನು ಮರೆಮಾಚಿ ಮಕ್ಕಳಲ್ಲಿ ಆಸೆ ಹುಟ್ಟಿಸುವುದು ತರವಲ್ಲ. ಭತ್ಯೆಯಿರುವ ಯೋಜನೆಗಳನ್ನೇ ಮೊದಲು ಹುಡುಕಬೇಕು. ಸಾಲ ಮಾಡಿ ಅರ್ಧ ವರ್ಷಕ್ಕೆ ಹೋಗುವುದನ್ನು ನಾವು ಯಾರಿಗೂ ಸಲಹೆ ಮಾಡೆವು. ಇನ್ನೊಂದು ಮಾತು: ಪರಿಶಿಷ್ಟ ಜಾತಿ ಮೊದಲಾದ ವರ್ಗಗಳ ವಿದ್ಯಾರ್ಥಿಗಳಿಗಾಗಿ ಕೇಂದ್ರ ಸರಕಾರವು 1954-55ರಲ್ಲಿ ಆರಂಭಿಸಿದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವು ಎಂ.ಎ., ಪಿ.ಎಚ್.ಡಿ.ಯಂಥ ಪೂರ್ಣ ವ್ಯಾಸಂಗಕ್ಕೆ ಮೀಸಲಾದದ್ದು, ಒಂದು ಸೆಮಿಸ್ಟರಿಗಲ್ಲ. ಮುಂದಿನ ಗುರಿಯಾಗಿ ಅದನ್ನು ಮನಸ್ಸಿನಲ್ಲಿಟ್ಟುಕೊಳ್ಳಬಹುದು.

ಐದನೆಯದು ದೇಹಾರೋಗ್ಯ ಮತ್ತು ಸಾಮಾನು. ಶೈಶವದಲ್ಲಿ ಹಾಕಿಸಿದ ಚುಚ್ಚುಮದ್ದುಗಳ ಚೀಟಿಯನ್ನು ಹಲವು ವಿದ್ಯಾಪೀಠಗಳು ಕೇಳುತ್ತವೆ. ಮುನಿಸಿಪಾಲಿಟಿಯ ದವಾಖಾನೆಯವರು ಕೊಟ್ಟ ಆ ಹಳೆಯ ಕಾರ್ಡು ಎಲ್ಲಿದೆಯೆಂದು ಅಮ್ಮನನ್ನು ಇಂದೇ ಕೇಳಿರಿ. ದಿನವೂ ಔಷಧ ತೆಗೆದುಕೊಳ್ಳುವವರು ಡಾಕ್ಟರರ ಚೀಟಿಯನ್ನು ಇಂಗ್ಲಿಷಿನಲ್ಲಿ ಬರೆಯಿಸಿಕೊಂಡು ಜೊತೆಯಲ್ಲಿಟ್ಟುಕೊಳ್ಳಬೇಕು. ಪೆಟ್ಟಿಗೆ, ಉಣ್ಣೆಯ ಬಟ್ಟೆಗಳಿಗೆ ಬಾಂದ್ರಾದ ಲಿಂಕಿಂಗ್ ರಸ್ತೆಯುಂಟು; ಆದರೆ ಕಡುಚಳಿಯ ದೇಶಕ್ಕೆ ಹೋಗುವವರು ದಪ್ಪ ಕೋಟನ್ನು ಅಲ್ಲಿಗೆ ಹೋದ ಮೇಲೆ ಕೊಳ್ಳುವುದೇ ಲೇಸು. ತಿಂಡಿಯ ವಿಷಯದಲ್ಲಿ ಎಚ್ಚರ ಬೇಕು. ಯೂರೋಪಿನ ಒಕ್ಕೂಟದೊಳಗೆ ಪ್ರಯಾಣಿಕರು ಹೊರದೇಶದಿಂದ ಮಾಂಸವನ್ನೂ ಹಾಲಿನ ಪದಾರ್ಥಗಳನ್ನೂ ತರಕೂಡದು. ಅಜ್ಜಿ ಪ್ರೀತಿಯಿಂದ ಕಟ್ಟಿಕೊಟ್ಟ ತುಪ್ಪವನ್ನೂ ಪೇಢೆಯನ್ನೂ ವಿಮಾನನಿಲ್ದಾಣದಲ್ಲಿ ಎಸೆಯಬೇಕಾದೀತು. ಚಟ್ನಿಪುಡಿ, ಸಾರಿನ ಪುಡಿ ಹಗುರವೂ ಹೌದು, ತಿಂಗಳುಗಟ್ಟಲೆ ಬಾಳುವುವೂ ಹೌದು.

ಈ ವಿಷಯದಲ್ಲಿ ಹಿರಿಯರ ಅನುಭವ ನಮಗೆ ಪಾಠವಾಗಬೇಕು. ಗಾಂಧಿಯವರು ಬಿಳಿಯ ಫ್ಲಾನೆಲ್ ಉಡುಪು ತೊಟ್ಟು ಇಂಗ್ಲೆಂಡಿನ ನೆಲಕ್ಕೆ ಇಳಿದರು. ನೋಡಿದರೆ ಸೆಪ್ಟೆಂಬರದ ಆ ಕೊನೆಯ ದಿನಗಳಲ್ಲಿ ಅಂಥ ಬಟ್ಟೆ ತೊಟ್ಟವರು ಅವರೊಬ್ಬರೇ. ಪೆಟ್ಟಿಗೆಗಳನ್ನೂ ಬೀಗದ ಕೈಗಳನ್ನೂ ಏಜೆಂಟರಿಗೆ ಒಪ್ಪಿಸಿಬಿಟ್ಟಿದ್ದರು. ಮರುದಿನ ಭಾನುವಾರವಾದದ್ದರಿಂದ ಬಟ್ಟೆ ಬದಲಿಸುವಂತಿರಲಿಲ್ಲ. ಅಂಬೇಡ್ಕರರು 1917ರಲ್ಲಿ ಹಿಂದಿರುಗುವಾಗ ತಮ್ಮ ಪುಸ್ತಕಗಳನ್ನು ಬೇರೊಂದು ಹಡಗಿನಲ್ಲಿ ಕಳುಹಿಸಿದ್ದರು. ಯುದ್ಧಕಾಲವಾದ್ದರಿಂದ ಆ ಹಡಗು ಶತ್ರುಗಳ ಟಾರ್ಪೆಡೋಗೆ ಸಿಕ್ಕಿ ಮುಳುಗಿತು. ಈ ಎರಡು ಪ್ರಸಂಗಗಳಿಂದ ಕಲಿಯಬೇಕಾದ ನೀತಿ ಒಂದೇ: ಒಂದು ಜೊತೆ ಬಟ್ಟೆ, ಔಷಧ, ಪಾಸ್‌ಪೋರ್ಟು, ಕರಾರುಪತ್ರ, ಪ್ರಮಾಣಪತ್ರ ಇವು ಕೈಚೀಲದಲ್ಲಿಯೇ ಇರಬೇಕು, ಪ್ರತಿಯೊಂದು ಕಾಗದದ ಒಂದು ನಕಲು ಮನೆಯಲ್ಲಿಯೂ ಒಂದು ಫೋನಿನಲ್ಲಿಯೂ ಇರಬೇಕು.

ಕೊನೆಯದು ಮತ್ತು ಹಣ ಖರ್ಚಿಲ್ಲದ್ದು, ಸ್ವಾವಲಂಬನೆಯ ಅಭ್ಯಾಸ. ಅನ್ನ ಮಾಡಿ ಸಾರು ಕುದಿಸುವುದು, ಬಟ್ಟೆ ಒಗೆಯುವುದು, ತಿಂಗಳ ಖರ್ಚನ್ನು ಒಂದು ವಹಿಯಲ್ಲಿ ಬರೆದಿಡುವುದು, ನಕ್ಷೆ ನೋಡಿ ದಾರಿ ಹುಡುಕುವುದು, ಇವು ಹೆಣ್ಣುಮಕ್ಕಳಿಗೂ ಗಂಡುಮಕ್ಕಳಿಗೂ ಸಮಾನವಾಗಿ ಬೇಕು. ಮನೆಯಿಂದ ದೂರವಾದವನಿಗೆ ಮೊದಲ ಕೆಲವು ವಾರಗಳಲ್ಲಿ ಮನಸ್ಸು ಕುಗ್ಗುವುದು ಸಹಜ. ಆಗ ಅಲ್ಲಿಯ ಕಾಲೇಜಿನ ಸಲಹೆಗಾರರ ಬಳಿ ಹೋಗಿ ಹೇಳಿಕೊಳ್ಳುವುದು ನಾಚಿಕೆಯ ಮಾತಲ್ಲವೆಂದು ತಾಯಿತಂದೆಗಳು ಮೊದಲೇ ತಿಳಿಸಿ ಕಳುಹಿಸಬೇಕು.

ವಿನಿಮಯವೆಂದರೆ ಬರಿಯ ಪಡೆಯುವಿಕೆಯಲ್ಲ, ಕೊಡುವಿಕೆಯೂ ಹೌದು. ಅಲ್ಲಿಯವರು ನಮ್ಮ ವಿದ್ಯಾರ್ಥಿಯನ್ನು, ನಿನ್ನ ಭಾಷೆ ಯಾವುದು, ಅದರಲ್ಲಿ ಏನು ಬರೆದಿದ್ದಾರೆ, ನಿಮ್ಮೂರ ಹಬ್ಬವೇನು, ಊಟವೇನು ಎಂದು ಕೇಳಿಯೇ ಕೇಳುತ್ತಾರೆ. ಆಗ ಕೊಡಲು ಕೈಯಲ್ಲೇನಾದರೂ ಇರಬೇಕು. ಕನ್ನಡದಲ್ಲಿ ಹತ್ತು ವರ್ಷ ಓದಿದ ಮಕ್ಕಳಿಗೆ ಅದು ಬೇಕಾದಷ್ಟಿದೆ. ಇಂದಿನ ಎಂಟನೆಯ ತರಗತಿಯ ವಿದ್ಯಾರ್ಥಿಗಳಿಗೆ ಈ ಪ್ರಯಾಣಕ್ಕೆ ಇನ್ನೂ ಆರೇಳು ವರ್ಷಗಳ ಅವಕಾಶವುಂಟು. ಎಲ್ಲರಿಗೂ ಅದು ಕೈಗೂಡುವುದಿಲ್ಲವೆಂಬುದನ್ನು ನಾವು ಬಲ್ಲೆವು. ಆದರೆ ಅವಕಾಶ ಬಂದಾಗ, ಹೆಸರಿನ ಒಂದಕ್ಷರ ತಪ್ಪಿತೆಂಬ ಕಾರಣಕ್ಕೋ, ಕೇಳುವುದು ತಿಳಿಯಲಿಲ್ಲವೆಂಬ ಕಾರಣಕ್ಕೋ ನಮ್ಮ ಮಗುವೊಂದು ಹಿಂದುಳಿಯಬಾರದು. ಈ ವರ್ಷದ ಬೇಸಿಗೆಯ ರಜೆಯಲ್ಲಿ ಆ ಕಾಗದಗಳನ್ನು ಪೆಟ್ಟಿಗೆಯಿಂದ ಹೊರತೆಗೆದು ಒಮ್ಮೆ ನೋಡಿರೆಂದು ವಿದ್ಯಾರ್ಥಿಗಳನ್ನೂ ಪಾಲಕರನ್ನೂ ಕೇಳಿಕೊಳ್ಳುತ್ತೇವೆ.